ಕನಿಷ್ಠ ವೇತನದ ಕಾಯಿದೆಯಿಲ್ಲದ ದೇಶದಲ್ಲಿ ಗೋದಾಮಿನ ದುಡಿಮೆ

ಸ್ವೀಡನ್ನಿನಲ್ಲಿ ಕನಿಷ್ಠ ವೇತನವನ್ನು ಗೊತ್ತುಮಾಡುವ ಕಾಯಿದೆ ಇಲ್ಲ. ಭಾರತದಲ್ಲಿ ಅಂಥ ಕಾಯಿದೆ 1948ರಲ್ಲಿಯೇ ಬಂದಿತು. ಜರ್ಮನಿಯಲ್ಲಿ 2015ರಿಂದ ಇದೆ. ಗಂಟೆಗೆ ಇಷ್ಟು ಕ್ರೋನ ಕೊಡಲೇಬೇಕೆಂದು ಸ್ವೀಡನ್ನಿನ ಸಂಸತ್ತು ಮಾತ್ರ ಎಂದೂ ವಿಧಿಸಿಲ್ಲ. ಹೊಸದಾಗಿ ಬಂದ ಕನ್ನಡಿಗರಿಗೆ ಈ ಮಾತನ್ನು ಹೇಳಿದರೆ ಮೊದಲು ನಂಬುವುದಿಲ್ಲ. ಕಾರ್ಮಿಕರ ಸ್ವರ್ಗವೆಂದು ಕೇಳಿಬಂದ ದೇಶದಲ್ಲಿ ಕೂಲಿಗೊಂದು ಕಾಯಿದೆಯಿಲ್ಲವೆಂದರೆ ಯಾರು ತಾನೆ ನಂಬುತ್ತಾರೆ? ಆದರೂ ಇಲ್ಲಿನ ಗೋದಾಮಿನ ಕೆಲಸಗಾರನಿಗೆ ಸಿಗುವ ಸಂಬಳ, ರಾತ್ರಿಪಾಳಿಯ ಹೆಚ್ಚುವರಿ ಭತ್ಯೆ, ನಿವೃತ್ತಿ ವೇತನದ ಒಂದು ಪಾಲು, ಅಪಘಾತದ ವಿಮೆ ಇವೆಲ್ಲ ಎಲ್ಲಿಂದಲೋ ಬರುತ್ತಿವೆ. ಅವು ಬರುತ್ತಿರುವುದು ಕಾರ್ಮಿಕ ಸಂಘವೂ ಮಾಲೀಕರ ಸಂಘವೂ ಸಹಿಹಾಕಿದ ಸಾಮೂಹಿಕ ಒಪ್ಪಂದದಿಂದ. ಸ್ವೀಡಿಷ್ ಭಾಷೆಯಲ್ಲಿ ಅದಕ್ಕೆ ಕೊಲೆಕ್ಟೀವ್‌ಆವ್ತಾಲ್ ಎಂದು ಹೆಸರು. ಆ ಒಪ್ಪಂದಕ್ಕೆ ಬಲ ಕೊಡುವುದು ಸರ್ಕಾರವಲ್ಲ, ಸಂಘದ ಸದಸ್ಯರ ಸಂಖ್ಯೆ. ಇದೊಂದು ತಿಳಿಯದಿದ್ದರೆ ಇಲ್ಲಿನ ದುಡಿಮೆಯ ಲೋಕ ಅರ್ಥವಾಗುವುದಿಲ್ಲ. ನಾನು ಹಲವು ವರ್ಷಗಳಿಂದ ಯೋನ್‌ಶೋಪಿಂಗ್‌ನ ಗೋದಾಮೊಂದರಲ್ಲಿ ದುಡಿಯುತ್ತಿದ್ದೇನೆ. ಕೆಲವು ಕಾಲದಿಂದ ಅಲ್ಲಿನ ಸುರಕ್ಷತಾ ಪ್ರತಿನಿಧಿಯೂ ಆಗಿದ್ದೇನೆ. ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಒಂದೆಡೆ ಉತ್ತರವಿರಲೆಂದು ಈ ಬರಹ.

ಊರು ಮತ್ತು ಗೋದಾಮು

ಯೋನ್‌ಶೋಪಿಂಗ್ ಸ್ಮೋಲಾಂಡ್ ಪ್ರಾಂತದಲ್ಲಿ, ವೆಟ್ಟರ್ನ್ ಸರೋವರದ ತೆಂಕಣ ತುದಿಯಲ್ಲಿದೆ. ಊರಿಗೆ ಮೊದಲು ಹೆಸರು ತಂದದ್ದು ಬೆಂಕಿಕಡ್ಡಿ. ಲುಂಡ್‌ಸ್ಟ್ರೋಮ್ ಸೋದರರು 1845ರಲ್ಲಿ ಇಲ್ಲಿ ಬೆಂಕಿಕಡ್ಡಿಯ ಕಾರ್ಖಾನೆ ತೆರೆದರು. ಪೆಟ್ಟಿಗೆಯ ಬದಿಗೆ ಉಜ್ಜಿದರೆ ಮಾತ್ರ ಹೊತ್ತಿಕೊಳ್ಳುವ ಸುರಕ್ಷಿತ ಕಡ್ಡಿ ಇಲ್ಲಿಂದಲೇ ಜಗತ್ತಿಗೆ ಹಬ್ಬಿತು. ಅದಕ್ಕೆ ಮುಂಚಿನ ಬಿಳಿ ರಂಜಕದ ಕಡ್ಡಿಗಳು ಕೆಲಸಗಾರರ ದವಡೆಯ ಮೂಳೆಯನ್ನೇ ಕೊಳೆಸುತ್ತಿದ್ದವು; 1906ರ ಬರ್ನ್ ಒಡಂಬಡಿಕೆ ಆ ರಂಜಕವನ್ನು ನಿಷೇಧಿಸಿತು. ನಮ್ಮ ಅಜ್ಜಿಯರ ಒಲೆಯ ಪಕ್ಕದಲ್ಲಿದ್ದ ವಿಮ್ಕೋ ಬೆಂಕಿಪೊಟ್ಟಣದ ಮೂಲವೂ ಈ ಉದ್ಯಮವೇ. ಸ್ವೀಡಿಷ್ ಮ್ಯಾಚ್ ಕಂಪನಿ 1923ರಲ್ಲಿ ಭಾರತದಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು.

ಇಂದು ಊರಿನ ಜೀವನೋಪಾಯ ಕಡ್ಡಿಯಲ್ಲ, ಸರಕು. ಹೆಲ್ಸಿಂಗ್‌ಬೋರಿನಿಂದ ಸ್ಟಾಕ್‌ಹೋಮ್ ಕಡೆಗೆ ಹೋಗುವ ಇ4 ಹೆದ್ದಾರಿಯೂ ಗೋಥೆನ್‌ಬರ್ಗ್ ಬಂದರಿನ ದಿಕ್ಕಿನಿಂದ ಬರುವ 40ನೆಯ ರಸ್ತೆಯೂ ಇಲ್ಲಿ ಕೂಡುತ್ತವೆ. ಸಂಜೆ ಇಲ್ಲಿಂದ ಹೊರಟ ಲಾರಿ ಬೆಳಗಾಗುವುದರೊಳಗೆ ದಕ್ಷಿಣ ಸ್ವೀಡನ್ನಿನ ಯಾವ ದೊಡ್ಡ ಊರನ್ನಾದರೂ ಮುಟ್ಟಬಲ್ಲದು. ಆದ್ದರಿಂದಲೇ ಊರಿನ ದಕ್ಷಿಣಕ್ಕೆ ಹೆದ್ದಾರಿಯ ಮಗ್ಗುಲಲ್ಲಿರುವ ಟೋರ್ಸ್‌ವಿಕ್ ಪ್ರದೇಶದಲ್ಲಿ ಇಕಿಯಾ, ಎಲ್‌ಯಿಗಾಂಟೆನ್ ಮುಂತಾದ ಕಂಪನಿಗಳ ಭಾರಿ ಗೋದಾಮುಗಳು ಎದ್ದಿವೆ. ನಮ್ಮ ಕಡೆಯ ಹೊಸಕೋಟೆ, ನೆಲಮಂಗಲ, ಮಾಲೂರುಗಳಲ್ಲಿ ಹೊಲಗಳ ನಡುವೆ ತಗಡಿನ ಮಹಾಸೌಧಗಳು ಎದ್ದಿರುವುದನ್ನು ಕಂಡವರಿಗೆ ಟೋರ್ಸ್‌ವಿಕ್ ಹೊಸದಾಗಿ ತೋರದು.

ಇಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು, ಪತಿ ಅಥವಾ ಪತ್ನಿಯ ಕೆಲಸದ ನಿಮಿತ್ತ ಬಂದು ಭಾಷೆ ಕಲಿಯುತ್ತಿರುವವರು, ಸಂಜೆಗೂ ವಾರಾಂತ್ಯಕ್ಕೂ ಈ ಗೋದಾಮುಗಳನ್ನೇ ನೆಚ್ಚುತ್ತಾರೆ. ಸ್ವೀಡಿಷ್ ಭಾಷೆ ಅಷ್ಟಾಗಿ ಬೇಡದ ಕೆಲಸ ಇದು. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡರೆ ಯಂತ್ರದ ದನಿಯೊಂದು ಯಾವ ಸಾಲು, ಯಾವ ಕಪಾಟು, ಎಷ್ಟು ಪೆಟ್ಟಿಗೆ ಎಂದು ಹೇಳುತ್ತಾ ಹೋಗುತ್ತದೆ. ನಾವು ಕಪಾಟಿನ ಮೇಲಿನ ಅಂಕೆಗಳನ್ನು ಓದಿ ಒಪ್ಪಿಸಬೇಕು, ಪೆಟ್ಟಿಗೆಯನ್ನು ಪ್ಯಾಲೆಟ್ಟಿನ ಮೇಲಿಡಬೇಕು, ಮುಂದಿನ ಸಾಲಿಗೆ ಸಾಗಬೇಕು. ಪಾಳಿ ಮುಗಿಯುವವರೆಗೂ ಅಷ್ಟೇ. ಎಷ್ಟು ಓದಿದವನಿಗಾದರೂ ಮೂರನೆಯ ದಿನಕ್ಕೆ ಸೊಂಟ ತನ್ನ ಇರವನ್ನು ನೆನಪಿಸುತ್ತದೆ.

ಒಪ್ಪಂದ ಬಂದ ಬಗೆ

ಈ ದೇಶದ ವ್ಯವಸ್ಥೆ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಕಾರ್ಮಿಕ ಸಂಘಗಳ ಒಕ್ಕೂಟವಾದ ಎಲ್‌ಓ 1898ರಲ್ಲಿ ಹುಟ್ಟಿತು. 1906ರ ಡಿಸೆಂಬರಿನಲ್ಲಿ ಮಾಲೀಕರ ಒಕ್ಕೂಟಕ್ಕೂ ಎಲ್‌ಓಗೂ ಒಂದು ರಾಜಿಯಾಯಿತು. ಸಂಘ ಕಟ್ಟುವ ಹಕ್ಕನ್ನು ಮಾಲೀಕರು ಒಪ್ಪಿದರು. ಕೆಲಸವನ್ನು ನಡೆಸುವ, ಹಂಚುವ, ಆಳನ್ನು ಸೇರಿಸಿಕೊಳ್ಳುವ ಮತ್ತು ಬಿಡಿಸುವ ಅಧಿಕಾರ ಮಾಲೀಕರದೇ ಎಂದು ಸಂಘಗಳು ಒಪ್ಪಿದವು. 1909ರ ಮಹಾಮುಷ್ಕರದಲ್ಲಿ ಕಾರ್ಮಿಕರು ಸೋತರು, ಸದಸ್ಯತ್ವ ಕುಸಿಯಿತು. 1931ರಲ್ಲಿ ಓದಾಲೆನ್ ಕಣಿವೆಯಲ್ಲಿ ಸೈನಿಕರು ಗುಂಡು ಹಾರಿಸಿ ಐವರು ಸತ್ತರು. ಇಂದು ಶಾಂತವಾಗಿ ಕಾಣುವ ಸ್ವೀಡನ್ ಆ ಕಾಲದಲ್ಲಿ ಯೂರೋಪಿನಲ್ಲೇ ಅತಿ ಹೆಚ್ಚು ಮುಷ್ಕರ ಕಂಡ ದೇಶಗಳಲ್ಲಿ ಒಂದಾಗಿತ್ತು ಎಂಬುದನ್ನು ನೆನಪಿಡಬೇಕು. 1938ರಲ್ಲಿ ಸಾಲ್ಟ್‌ಶೋಬಾದೆನ್ ಎಂಬಲ್ಲಿ ಎರಡೂ ಪಕ್ಷಗಳು ಕುಳಿತು, ಜಗಳವನ್ನು ಹೇಗೆ ಆಡಬೇಕು, ಹೇಗೆ ಮುಗಿಸಬೇಕು ಎಂಬುದಕ್ಕೇ ನಿಯಮಗಳನ್ನು ಬರೆದುಕೊಂಡವು. ಸರ್ಕಾರ ನಡುವೆ ಬರದಂತೆ ನೋಡಿಕೊಳ್ಳುವುದೇ ಇಬ್ಬರ ಉದ್ದೇಶವಾಗಿತ್ತು.

ಮುಂದಿನ ತಿರುವು ಉತ್ತರದ ಗಣಿಗಳಿಂದ ಬಂದಿತು. 1969ರ ಡಿಸೆಂಬರಿನಲ್ಲಿ ಸರ್ಕಾರದ ಒಡೆತನದ ಎಲ್‌ಕೆಎಬಿ ಕಬ್ಬಿಣದ ಗಣಿಯ ಕಾರ್ಮಿಕರು ತಮ್ಮ ಸಂಘವನ್ನೂ ಕೇಳದೆ ಕೆಲಸ ನಿಲ್ಲಿಸಿದರು. ಅದು ಸುಮಾರು ಎರಡು ತಿಂಗಳು ನಡೆಯಿತು. ಕೂಲಿಗಿಂತಲೂ ಹೆಚ್ಚಾಗಿ ಅವರನ್ನು ಕೆರಳಿಸಿದ್ದು ಪ್ರತಿ ಚಲನೆಯನ್ನೂ ಅಳೆಯುವ, ಮೇಲಿನಿಂದ ಆಜ್ಞೆ ಮಾತ್ರ ಇಳಿಯುವ ಆಡಳಿತದ ರೀತಿ. ನಮ್ಮ ಗೋದಾಮಿನ ಕಥೆಗೆ ಅದು ಎಷ್ಟು ಹತ್ತಿರವೆಂದು ಮುಂದೆ ತಿಳಿಯುತ್ತದೆ. ಆ ಮುಷ್ಕರ ದೇಶವನ್ನು ಬೆಚ್ಚಿಬೀಳಿಸಿತು. ಆಮೇಲಿನ ದಶಕದಲ್ಲಿ ಉದ್ಯೋಗ ರಕ್ಷಣೆಯ ಕಾಯಿದೆ (1974), ಸಹನಿರ್ಧಾರದ ಕಾಯಿದೆ (1976), ಕೆಲಸದ ಪರಿಸರದ ಕಾಯಿದೆ (1977) ಒಂದರ ಹಿಂದೊಂದು ಬಂದವು.

ಇವುಗಳಲ್ಲಿ ಸಹನಿರ್ಧಾರದ ಕಾಯಿದೆಯನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ಒಂದು ಕೆಲಸದ ಸ್ಥಳದಲ್ಲಿ ಸಂಘಕ್ಕೆ ಒಬ್ಬನೇ ಒಬ್ಬ ಸದಸ್ಯನಿದ್ದರೂ ಆ ಸಂಘಕ್ಕೆ ಮಾಲೀಕನೊಡನೆ ಮಾತುಕತೆ ನಡೆಸುವ ಹಕ್ಕಿದೆ; ಮಾಲೀಕ ಮೇಜಿಗೆ ಬರಲೇಬೇಕು. ಒಪ್ಪಂದಕ್ಕೆ ಸಹಿಹಾಕಿದ ಸಂಘವಾದರೆ, ಕೆಲಸದಲ್ಲಿ ದೊಡ್ಡ ಬದಲಾವಣೆ ಮಾಡುವ ಮೊದಲೇ ಮಾಲೀಕ ತಾನಾಗಿ ಕರೆದು ಚರ್ಚಿಸಬೇಕು. ಭಾರತದ 1926ರ ಕಾರ್ಮಿಕ ಸಂಘಗಳ ಕಾಯಿದೆ ಸಂಘವನ್ನು ನೋಂದಾಯಿಸಲು ಅವಕಾಶ ಕೊಟ್ಟಿತೇ ಹೊರತು, ಅದರೊಡನೆ ಮಾಲೀಕ ಮಾತನಾಡಲೇಬೇಕೆಂದು ಕಟ್ಟುಮಾಡಲಿಲ್ಲ. ಬೆಂಗಳೂರಿನ ಎಷ್ಟೋ ಹೋರಾಟಗಳು ಸಂಬಳದ ಪ್ರಶ್ನೆಗೆ ತಲುಪುವ ಮೊದಲೇ, ನಮ್ಮನ್ನು ಸಂಘವೆಂದು ಒಪ್ಪಿಕೊಳ್ಳಿ ಎಂಬ ಹಂತದಲ್ಲೇ ಬತ್ತಿಹೋದದ್ದು ಈ ಕಾರಣದಿಂದ.

ಇದಕ್ಕೊಂದು ಬೆಲೆಯೂ ಇದೆ. ಒಪ್ಪಂದ ಜಾರಿಯಲ್ಲಿರುವಾಗ ಮುಷ್ಕರ ಹೂಡುವಂತಿಲ್ಲ. ಅದಕ್ಕೆ ಶಾಂತಿಯ ಕರ್ತವ್ಯ ಎನ್ನುತ್ತಾರೆ. ಸಿಟ್ಟು ಬಂದ ದಿನ ಕೆಲಸ ಬಿಟ್ಟು ಗೇಟಿನ ಮುಂದೆ ಕೂರುವುದು ಇಲ್ಲಿ ಕಾಯಿದೆಗೆ ವಿರುದ್ಧ, ದಂಡ ತೆರಬೇಕಾದೀತು. ಗೋಥೆನ್‌ಬರ್ಗ್ ಬಂದರಿನ ದೀರ್ಘ ವಿವಾದದ ಬಳಿಕ 2019ರಲ್ಲಿ ಈ ನಿಯಮ ಇನ್ನಷ್ಟು ಬಿಗಿಯಾಯಿತು. ಆದ್ದರಿಂದ ಇಲ್ಲಿ ಸಂಘಟನೆಯ ಕೆಲಸವೆಂದರೆ ಬಹುಪಾಲು ಕಾಗದ, ಸಭೆ, ಲೆಕ್ಕ, ತಾಳ್ಮೆ. ಕೆಂಪು ಬಾವುಟದ ಮೆರವಣಿಗೆಯನ್ನು ನಿರೀಕ್ಷಿಸಿ ಬಂದ ಗೆಳೆಯರಿಗೆ ನಿರಾಸೆಯಾಗುತ್ತದೆ. ಮೇ 1ರಂದು ಅದೂ ಉಂಟು. ಅದು ಬೇರೆ ಮಾತು.

ಪರದೆಯ ಮೇಲಿನ ಹೆಸರುಗಳು

ಗೋದಾಮಿನಲ್ಲಿ ಯಾವ ಸಂಘ ಎಂಬುದು ಮಾಲೀಕನ ಉದ್ಯಮವನ್ನು ಅವಲಂಬಿಸುತ್ತದೆ. ವ್ಯಾಪಾರದ ಕಂಪನಿಯ ಗೋದಾಮಾದರೆ 1906ರಲ್ಲಿ ಸ್ಥಾಪನೆಯಾದ ಹಾಂಡೆಲ್ಸ್, ಅಂದರೆ ವಾಣಿಜ್ಯ ನೌಕರರ ಸಂಘ. ಸಾಗಣೆಯ ಕಂಪನಿಯದಾದರೆ 1897ರಷ್ಟು ಹಳೆಯದಾದ ಟ್ರಾನ್ಸ್‌ಪೋರ್ಟ್ ಸಂಘ. ಕಾರ್ಖಾನೆಗೆ ಸೇರಿದ ಗೋದಾಮಾದರೆ ಸಾಮಾನ್ಯವಾಗಿ ಐಎಫ್ ಮೆಟಾಲ್. ಗೋದಾಮು ಮತ್ತು ಆನ್‌ಲೈನ್ ವ್ಯಾಪಾರಕ್ಕೆಂದೇ ಹಾಂಡೆಲ್ಸ್ ಮತ್ತು ವ್ಯಾಪಾರಿಗಳ ಸಂಘಟನೆಯಾದ ಸ್ವೆನ್ಸ್ಕ್ ಹಾಂಡೆಲ್ ನಡುವೆ ಪ್ರತ್ಯೇಕ ಒಪ್ಪಂದವಿದೆ.

ಸದಸ್ಯರು ಸೇರಿ ಕಂಪನಿಯೊಳಗೆ ಕ್ಲಬ್ ಎಂಬ ಘಟಕವನ್ನು ಕಟ್ಟಿಕೊಳ್ಳುತ್ತಾರೆ. ಐವರು ಅಥವಾ ಹೆಚ್ಚು ಜನ ದುಡಿಯುವ ಕಡೆ ಒಬ್ಬ ಸುರಕ್ಷತಾ ಪ್ರತಿನಿಧಿ ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ಆತನನ್ನು ನೇಮಿಸುವುದು ಮಾಲೀಕನಲ್ಲ, ಸಂಘ. ಆತ ಈ ಕೆಲಸಕ್ಕೆ ಕಳೆಯುವ ಹೊತ್ತಿಗೆ ಸಂಬಳ ಕಡಿಯುವಂತಿಲ್ಲ. ಜೀವಕ್ಕೆ ಅಥವಾ ಆರೋಗ್ಯಕ್ಕೆ ತಕ್ಷಣದ ಗಂಭೀರ ಅಪಾಯವಿದೆಯೆಂದು ಕಂಡರೆ, ಮಾಲೀಕ ಸರಿಪಡಿಸದಿದ್ದಲ್ಲಿ, ಆತ ಆ ಕೆಲಸವನ್ನೇ ನಿಲ್ಲಿಸಬಹುದು. ಕೆಲಸದ ಪರಿಸರದ ಪ್ರಾಧಿಕಾರದವರು ತೀರ್ಪು ಕೊಡುವವರೆಗೆ ಅದು ನಿಂತಿರುತ್ತದೆ. ಹೀಗೆ ನಿಲ್ಲಿಸಿದ್ದಕ್ಕೆ ಆತನಿಂದ ನಷ್ಟ ಕೇಳುವಂತಿಲ್ಲ. ಮುಷ್ಕರ ನಿಷಿದ್ಧವಾದ ಕಡೆ ಒಬ್ಬ ಸಾಮಾನ್ಯ ಕೆಲಸಗಾರನ ಕೈಗೆ ಇಂಥ ಅಧಿಕಾರವನ್ನು ಕೊಟ್ಟಿರುವುದು ನನಗೆ ಈಗಲೂ ಅಚ್ಚರಿಯೇ.

ನಾನು ದುಡಿಯುವ ಗೋದಾಮಿನಲ್ಲಿ ನಡೆದ ಒಂದು ಪ್ರಸಂಗವನ್ನು ಕಂಪನಿಯ ಹೆಸರಿಲ್ಲದೆ ಹೇಳುತ್ತೇನೆ. ಊಟದ ಕೋಣೆಯ ದಾರಿಯಲ್ಲಿ ಒಂದು ದೊಡ್ಡ ಪರದೆ ಇತ್ತು. ಗಂಟೆಗೆ ಯಾರು ಎಷ್ಟು ಪೆಟ್ಟಿಗೆ ಎತ್ತಿದರೆಂದು ಹೆಸರಿನ ಸಮೇತ ಅದರಲ್ಲಿ ಬರುತ್ತಿತ್ತು. ಮೇಲಿನವರು ಹಸಿರು, ಕೆಳಗಿನವರು ಕೆಂಪು. ಕಾಯಂ ನೌಕರರಿಗೆ ಕೆಂಪೆಂದರೆ ಮುಜುಗರ ಮಾತ್ರ. ಏಜೆನ್ಸಿಯ ಮೂಲಕ ಬಂದವರಿಗೆ ಹಾಗಲ್ಲ. ಮುಂದಿನ ವಾರದ ಪಾಳಿಗೆ ಕರೆಯುವ ಸಂದೇಶ ಮೊಬೈಲಿಗೆ ಬರುವುದೋ ಇಲ್ಲವೋ ಎಂಬುದು ಆ ಬಣ್ಣದ ಮೇಲೆ ನಿಂತಿದೆಯೆಂದು ಅವರೆಲ್ಲ ನಂಬಿದ್ದರು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನೀರು ಕುಡಿಯಲು ನಿಲ್ಲದವರು, ಇಬ್ಬರು ಸೇರಿ ಎತ್ತಬೇಕಾದ ಪೆಟ್ಟಿಗೆಯನ್ನು ಒಬ್ಬರೇ ಎತ್ತುವವರು, ತಿರುವಿನಲ್ಲಿ ಗಾಡಿಯ ವೇಗ ತಗ್ಗಿಸದವರು ಇವರೇ.

ಪರದೆಯನ್ನು ತೆಗೆಯಿರಿ ಎಂದು ನೇರವಾಗಿ ಕೇಳಿದ್ದರೆ ಕೆಲಸ ಹಂಚುವುದು ನಮ್ಮ ಅಧಿಕಾರ ಎಂಬ 1906ರ ಉತ್ತರವೇ ಬರುತ್ತಿತ್ತು. ಕ್ಲಬ್ಬಿನ ಹಿರಿಯ ಸದಸ್ಯೆಯೊಬ್ಬರು ಬೇರೆ ದಾರಿ ಹೇಳಿಕೊಟ್ಟರು. ಇಲ್ಲಿ ಗಾಯವಾದ ಘಟನೆಯನ್ನಷ್ಟೇ ಅಲ್ಲ, ಗಾಯವಾಗಬಹುದಾಗಿದ್ದ ಘಟನೆಯನ್ನೂ ವರದಿ ಮಾಡುವ ಪದ್ಧತಿಯಿದೆ. ಅದಕ್ಕೆ ಟಿಲ್‌ಬೂಡ್ ಎನ್ನುತ್ತಾರೆ. ಕೆಲವು ವಾರ ನಾವು ಮಾಡಿದ್ದು ಅದೊಂದನ್ನೇ. ಸಿರಿಯಾದವರು, ಪೋಲೆಂಡಿನವರು, ಸೊಮಾಲಿಯಾದವರು, ನಮ್ಮ ಕಡೆಯ ಇಬ್ಬರು, ಎಲ್ಲರೂ ಕಂಡದ್ದನ್ನು ಬರೆದರು. ಗಾಡಿ ಕಂಬಕ್ಕೆ ತಾಗಿದ್ದು, ಪೆಟ್ಟಿಗೆ ಜಾರಿದ್ದು, ವಿರಾಮ ತಪ್ಪಿದ್ದು. ಭಾಷೆ ಬಾರದವರಿಗೆ ಬರೆದುಕೊಟ್ಟೆವು. ಗಂಟೆ ಗಂಟೆಯಾಗಿ ಜೋಡಿಸಿದಾಗ ಪಾಳಿಯ ಕೊನೆಯ ಹೊತ್ತಿನಲ್ಲಿ, ಪರದೆಯ ಲೆಕ್ಕ ಮುಚ್ಚುವ ಮುನ್ನ, ಘಟನೆಗಳು ಗುಂಪುಗಟ್ಟಿದ್ದು ಕಣ್ಣಿಗೆ ಬಿದ್ದಿತು.

ಕೆಲಸದ ಪರಿಸರದ ಕಾಯಿದೆಯ ಆರನೆಯ ಅಧ್ಯಾಯದಲ್ಲಿ 6ಎ ಎಂಬ ವಿಧಿಯಿದೆ. ಅದರಂತೆ ಸುರಕ್ಷತಾ ಪ್ರತಿನಿಧಿ ಲಿಖಿತ ಬೇಡಿಕೆ ಕೊಟ್ಟರೆ ಮಾಲೀಕ ತಡಮಾಡದೆ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಅಥವಾ ಸಮರ್ಪಕವಾಗಿಲ್ಲದಿದ್ದರೆ ಪ್ರಾಧಿಕಾರದ ಮೊರೆಹೋಗಬಹುದು. ಕೆಲಸದ ಹೊರೆ ಮತ್ತು ಒತ್ತಡದಿಂದಾಗುವ ಅನಾರೋಗ್ಯವನ್ನೂ ಅಪಘಾತದಂತೆಯೇ ಮುಂಚಿತವಾಗಿ ಅಳೆದು ತಡೆಯಬೇಕೆಂಬ ನಿಯಮಗಳು 2016ರಿಂದ ಜಾರಿಯಲ್ಲಿವೆ. ಇವೆರಡನ್ನೂ ಆಧರಿಸಿ, ಪರದೆಯಿಂದಾಗುವ ಅಪಾಯದ ಮೌಲ್ಯಮಾಪನ ನಡೆಯಲಿ ಎಂದು ಕೇಳಿದೆವು. ಪರದೆ ತೆಗೆಯಿರಿ ಎಂಬ ಮಾತು ಅರ್ಜಿಯಲ್ಲಿ ಇರಲೇ ಇಲ್ಲ. ಎರಡು ಸಭೆಗಳಾದವು. ಕೊನೆಗೆ ಹೆಸರುಗಳು ಹೋದವು; ತಂಡದ ಒಟ್ಟು ಮೊತ್ತ ಮಾತ್ರ ಉಳಿಯಿತು. ಭಾರದ ಪೆಟ್ಟಿಗೆಗಳು ಕಪಾಟಿನ ನಡುಮಟ್ಟಕ್ಕೆ ಬಂದವು. ಏಜೆನ್ಸಿಯವರಿಗೆ ಪಾಳಿ ಹಂಚುವ ರೀತಿ ಮಾತ್ರ ಇದ್ದಂತೆಯೇ ಉಳಿಯಿತು. ಅವರ ಮಾಲೀಕ ಏಜೆನ್ಸಿಯೇ ಹೊರತು ಗೋದಾಮಲ್ಲ ಎಂಬ ಉತ್ತರ ಬಂದಿತು. ಕಾಗದದ ಮೇಲೆ ಅದು ನಿಜ.

ಭಾರದ ಮಾತು ಬಂದದ್ದರಿಂದ ಒಂದು ಹೋಲಿಕೆ. ಸ್ವೀಡನ್ನಿನ ಪ್ರಾಧಿಕಾರ ಕೊಟ್ಟಿರುವ ಅಂದಾಜಿನ ಮಾದರಿಯಲ್ಲಿ, ಮೈಗೆ ಹತ್ತಿರ ಹಿಡಿದು ಎತ್ತುವಾಗ 25 ಕಿಲೋ ದಾಟಿದರೆ, ತೋಳು ಚಾಚಿ ಎತ್ತುವಾಗ 15 ಕಿಲೋ ದಾಟಿದರೆ ಅದು ಕೆಂಪು ವಲಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ವಯಸ್ಕ ಗಂಡಸಿಗೆ ಶಿಫಾರಸು ಮಾಡಿದ ಮಿತಿ 55 ಕಿಲೋ. ನಮ್ಮ ಎಪಿಎಂಸಿ ಅಂಗಳಗಳ ಹಮಾಲರು ಕ್ವಿಂಟಲ್ ಮೂಟೆಯನ್ನು ಬೆನ್ನಿಗೇರಿಸಿದ ಕಾಲ ತೀರ ಹಳೆಯದೇನಲ್ಲ. ಹತ್ತು ಕಿಲೋ ಪೆಟ್ಟಿಗೆಗೆ ಇಷ್ಟೊಂದು ಗಲಾಟೆಯೇ ಎಂದು ಊರಿಂದ ಬಂದವರು ನಗುತ್ತಾರೆ. ಆದರೆ ಹಮಾಲ ಮೂಟೆ ಇಳಿಸಿ ಒಂದು ಗಳಿಗೆ ಕೂರುತ್ತಾನೆ. ಹೆಡ್‌ಸೆಟ್ಟಿನ ದನಿ ಕೂರಲು ಬಿಡುವುದಿಲ್ಲ. ಹತ್ತು ಕಿಲೋ ಒಂದು ಪಾಳಿಯಲ್ಲಿ ಸಾವಿರ ಸಲವಾದರೆ ಹತ್ತು ಟನ್ ಆಗುತ್ತದೆ.

ನಡುವೆ ನಿಂತವರು

ಏಜೆನ್ಸಿಯ ಕೆಲಸಗಾರರೇ ಇಂದಿನ ತೊಡಕಿನ ಗಂಟು. ಅವರಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಎಲ್‌ಓ ಸಂಘಗಳು ಏಜೆನ್ಸಿಗಳೊಡನೆ 2000ದಲ್ಲಿಯೇ ಒಪ್ಪಂದ ಮಾಡಿಕೊಂಡವು. ಯಾವ ಕಂಪನಿಗೆ ಕಳುಹಿಸಲಾಗಿದೆಯೋ ಅಲ್ಲಿನ ಹೋಲಿಕೆಯ ಕೆಲಸಗಾರರ ಸರಾಸರಿ ಗಳಿಕೆಯನ್ನು ಕೊಡಬೇಕೆಂಬುದು ಅದರ ತಿರುಳು. 2022ರ ಅಕ್ಟೋಬರಿನಿಂದ ಎರಡು ಹೊಸ ನಿಯಮಗಳು ಸೇರಿವೆ. ತಾತ್ಕಾಲಿಕವಾಗಿ ನೇಮಕವಾದವನು ಒಬ್ಬನೇ ಮಾಲೀಕನಲ್ಲಿ ಐದು ವರ್ಷದೊಳಗೆ ಒಟ್ಟು ಹನ್ನೆರಡು ತಿಂಗಳು ದಾಟಿದರೆ ಆ ಕೆಲಸ ಕಾಯಂ ಆಗುತ್ತದೆ. ಏಜೆನ್ಸಿಯವನು ಒಂದೇ ಕಂಪನಿಯಲ್ಲಿ 36 ತಿಂಗಳೊಳಗೆ 24 ತಿಂಗಳಿಗಿಂತ ಹೆಚ್ಚು ದುಡಿದಿದ್ದರೆ ಆ ಕಂಪನಿ ಕಾಯಂ ಕೆಲಸ ಕೊಡುವೆನೆಂದು ಕೇಳಬೇಕು, ಇಲ್ಲವೇ ಎರಡು ತಿಂಗಳ ಸಂಬಳ ಪರಿಹಾರ ಕೊಡಬೇಕು. ಈ ಲೆಕ್ಕ ಸದಸ್ಯನ ಪರವಾಗಿ ಸಂಘ ಇಟ್ಟರೆ ಉಂಟು. ಇಪ್ಪತ್ತಮೂರನೆಯ ತಿಂಗಳಿಗೆ ಕರೆ ನಿಂತುಹೋದರೆ ಯಾಕೆ ನಿಂತಿತೆಂದು ಕೇಳುವವರು ಬೇಕಲ್ಲ.

ಕೇಳುವವರು ಕಡಿಮೆಯಾಗುತ್ತಿರುವುದೇ ಆತಂಕದ ಸಂಗತಿ. ಸ್ವೀಡನ್ನಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ನೌಕರರು ಯಾವುದಾದರೊಂದು ಸಾಮೂಹಿಕ ಒಪ್ಪಂದದ ಅಡಿಯಲ್ಲಿದ್ದಾರೆ. ಆದರೆ ಕಾರ್ಮಿಕ ವರ್ಗದಲ್ಲಿ ಸಂಘದ ಸದಸ್ಯರು 2006ರಲ್ಲಿ ಶೇ. 77ರಷ್ಟಿದ್ದವರು ಈಗ ಶೇ. 60ರ ಆಸುಪಾಸಿಗೆ ಇಳಿದಿದ್ದಾರೆ. 2007ರಲ್ಲಿ ನಿರುದ್ಯೋಗ ನಿಧಿಯ ಶುಲ್ಕ ಏರಿದಾಗ ಬಹಳ ಮಂದಿ ಬಿಟ್ಟುಹೋದರು, ಹಲವರು ಮರಳಲಿಲ್ಲ. ಹೊರದೇಶದಲ್ಲಿ ಹುಟ್ಟಿದವರಲ್ಲಿ ಈ ಪ್ರಮಾಣ ಇನ್ನೂ ಕಡಿಮೆ, ಗೋದಾಮುಗಳಲ್ಲಿ ದುಡಿಯುವವರಲ್ಲಿ ಅಂಥವರೇ ಬಹಳ. ಒಪ್ಪಂದದ ಚಾವಣಿ ವಿಶಾಲವಾಗಿದೆ. ಅದನ್ನು ಹೊತ್ತ ಕಂಬಗಳು ಒಂದು ಮೂಲೆಯಲ್ಲಿ ತೆಳುವಾಗುತ್ತಿವೆ. ಆ ಮೂಲೆಯಲ್ಲಿ ನಿಂತಿರುವವರು ನಾವು.

ಒಪ್ಪಂದವೇ ಬೇಡವೆನ್ನುವ ಕಂಪನಿ ಬಂದರೇನು? ಆಟಿಕೆಗಳ ಅಮೆರಿಕನ್ ಕಂಪನಿ ಟಾಯ್ಸ್ ಆರ್ ಅಸ್ 1995ರಲ್ಲಿ ಹಾಗೆಂದಿತು. ಹಾಂಡೆಲ್ಸ್ ಮುಷ್ಕರ ಹೂಡಿತು, ಇತರ ಸಂಘಗಳು ಸಹಾನುಭೂತಿಯಿಂದ ಅದರ ಸರಕು ಮುಟ್ಟಲಿಲ್ಲ, ಸುಮಾರು ಮೂರು ತಿಂಗಳಲ್ಲಿ ಕಂಪನಿ ಸಹಿಹಾಕಿತು. ಟೆಸ್ಲಾ ವಿರುದ್ಧ ಐಎಫ್ ಮೆಟಾಲ್ 2023ರ ಅಕ್ಟೋಬರ್ 27ರಂದು ಹೂಡಿದ ಮುಷ್ಕರ 2025ರ ಅಕ್ಟೋಬರಿನಲ್ಲಿ ಎರಡು ವರ್ಷ ತುಂಬಿದಾಗಲೂ ಮುಗಿದಿರಲಿಲ್ಲ. ಬಂದರಿನವರು ಕಾರು ಇಳಿಸಲಿಲ್ಲ, ಅಂಚೆಯವರು ನಂಬರ್ ಫಲಕ ತಲುಪಿಸಲಿಲ್ಲ, ಡೆನ್ಮಾರ್ಕ್, ನಾರ್ವೆ, ಫಿನ್‌ಲೆಂಡಿನ ಸಂಘಗಳೂ ಕೈಜೋಡಿಸಿದವು, ಆದರೂ ಮುಗಿಯಲಿಲ್ಲ. ಹೊರಗಿನಿಂದ ಎಷ್ಟೇ ಬೆಂಬಲವಿದ್ದರೂ ಒಳಗೆ ದುಡಿಯುತ್ತಲೇ ಇರುವವರು ಹೆಚ್ಚಾದರೆ ಮುಷ್ಕರ ಹೀಗೆ ಎಳೆಯುತ್ತದೆ ಎಂಬುದು ನನ್ನ ತಿಳುವಳಿಕೆ.

ನಮ್ಮ ಮನೆಗಳ ನೆನಪು

ಸಂಘವೆಂದರೆ ಕನ್ನಡಿಗ ಮಧ್ಯಮವರ್ಗಕ್ಕೆ ಒಳಗೊಳಗೇ ಒಂದು ಹಿಂಜರಿಕೆಯಿದೆ. ಅದಕ್ಕೆ ಕಾರಣವಿಲ್ಲದಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಲಕ್ಷಕ್ಕೂ ಮೀರಿದ ನೌಕರರು 77 ದಿನ ಮುಷ್ಕರ ನಡೆಸಿದರು. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಕಾಲೋನಿಗಳ ಎಷ್ಟೋ ಮನೆಗಳಲ್ಲಿ ಆ ತಿಂಗಳುಗಳ ಸಂಬಳವಿಲ್ಲದ ನೆನಪು ಇನ್ನೂ ಇದೆ. ಬೇಡಿಕೆ ಈಡೇರದೆ ಅವರು ಕೆಲಸಕ್ಕೆ ಮರಳಬೇಕಾಯಿತು. ಆ ಮನೆಗಳಲ್ಲಿ ಬೆಳೆದ ಮಕ್ಕಳು ಇಂಜಿನಿಯರುಗಳಾಗಿ, ಈಗ ಅವರ ಮಕ್ಕಳು ಇಲ್ಲಿಗೆ ಬಂದಿದ್ದಾರೆ.

ಸಂಘವಿಲ್ಲದಿದ್ದಾಗ ಏನಾಗುತ್ತದೆಂಬುದೂ ನಮ್ಮ ನಾಡಿನಲ್ಲೇ ಕಂಡಿದೆ. ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ಅಸಮಾಧಾನ ಗಾಜು ಒಡೆಯುವುದರಲ್ಲಿ ಸ್ಫೋಟಿಸಿತು. ಅಲ್ಲಿ ಬಹುತೇಕರು ಹಲವು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ದೂರನ್ನು ಕೊಡಲು ಒಂದು ಮೇಜು ಇರಲಿಲ್ಲ. ಹರಿಯಾಣದ ಮಾನೇಸರದ ಅಮೆಜಾನ್ ಗೋದಾಮಿನಲ್ಲಿ, ಲಾರಿಗಳ ಸರಕು ಇಳಿಯುವವರೆಗೆ ನೀರಿಗೂ ಶೌಚಕ್ಕೂ ಹೋಗುವುದಿಲ್ಲವೆಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಲಾಯಿತೆಂಬ ವರದಿಗಳು ಬಂದು 2024ರ ಜೂನಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸು ಕೊಟ್ಟಿತು.

ಇನ್ನೊಂದು ಕಥೆ ಸ್ವೀಡನ್ನಿಗೂ ನಮಗೂ ಸೇರಿದ್ದು. 2020ರ ಜೂನಿನಲ್ಲಿ ಗೋಕಲದಾಸ್ ಎಕ್ಸ್‌ಪೋರ್ಟ್ಸ್ ಶ್ರೀರಂಗಪಟ್ಟಣದ ತನ್ನ ಸಿದ್ಧ ಉಡುಪು ಕಾರ್ಖಾನೆಯನ್ನು ನಿಲ್ಲಿಸಿತು. ಅಲ್ಲಿ ದುಡಿಯುತ್ತಿದ್ದ 1,200ಕ್ಕೂ ಹೆಚ್ಚು ಮಂದಿಯಲ್ಲಿ ಹೆಂಗಸರೇ ಬಹಳ. ಅವರು ಗಾರ್ಮೆಂಟ್ ಮತ್ತು ಜವಳಿ ಕಾರ್ಮಿಕರ ಸಂಘದ ಸದಸ್ಯರು. ತಮ್ಮ ಸಂಘವಿರುವ ಕಾರ್ಖಾನೆಯನ್ನೇ ಆರಿಸಿ ಮುಚ್ಚಲಾಗುತ್ತಿದೆಯೆಂದು ಹೇಳಿ ಧರಣಿ ಕೂತರು. ಅವರು ಹೊಲಿಯುತ್ತಿದ್ದ ಬಟ್ಟೆಯನ್ನು ಕೊಳ್ಳುತ್ತಿದ್ದುದು ಸ್ವೀಡನ್ನಿನ ಎಚ್ ಆಂಡ್ ಎಂ. ಆ ಕಂಪನಿ ಜಾಗತಿಕ ಸಂಘಗಳ ಒಕ್ಕೂಟವಾದ ಇಂಡಸ್ಟ್ರಿಆಲ್ ಮತ್ತು ಇಲ್ಲಿನ ಐಎಫ್ ಮೆಟಾಲ್ ಜೊತೆ 2015ರಲ್ಲೇ ಒಂದು ಒಪ್ಪಂದಕ್ಕೆ ಸಹಿಹಾಕಿತ್ತು. ಆ ಕಾಗದವನ್ನು ಹಿಡಿದು ಶ್ರೀರಂಗಪಟ್ಟಣದ ದೂರನ್ನು ಹೊರದೇಶದ ಮೇಜಿಗೆ ತರಲು ಸಾಧ್ಯವಾಯಿತು. ಮುಂದಿನ ವರ್ಷದ ಆರಂಭದಲ್ಲಿ ಕಂಪನಿ ಸಂಘದೊಡನೆ ಒಪ್ಪಂದ ಮಾಡಿಕೊಂಡಿತು. ನಾವು ಗೋದಾಮಿನಲ್ಲಿ ಅಂಥ ಬಟ್ಟೆಯ ಪೆಟ್ಟಿಗೆಗಳನ್ನು ಎತ್ತುವವರೇ. ಪೆಟ್ಟಿಗೆಯ ಒಂದು ತುದಿ ಕಾವೇರಿಯ ದಡದಲ್ಲಿದೆ ಎಂದು ನೆನಪಾದಾಗ ಒಂದು ಬಗೆಯ ಆಪ್ತತೆ ಬರುತ್ತದೆ.

ನಮ್ಮವರು ಕೇಳುವುದು

“ಅಣ್ಣಾ, ಸಂಘಕ್ಕೆ ಸೇರಿದ್ರೆ ವೀಸಾಕ್ಕೆ ತೊಂದ್ರೆ ಆಗಲ್ವಾ?” ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಆಗುವುದಿಲ್ಲ. ಸಂಘದ ಸದಸ್ಯತ್ವ ಯೂರೋಪಿನ ದತ್ತಾಂಶ ರಕ್ಷಣೆಯ ನಿಯಮದಲ್ಲಿ ಆರೋಗ್ಯ, ಧರ್ಮಗಳಂತೆಯೇ ಸೂಕ್ಷ್ಮ ಮಾಹಿತಿ. ಸೇರಿದ್ದಕ್ಕಾಗಿ ಮಾಲೀಕ ಶಿಕ್ಷಿಸಿದರೆ ಅದು ಸಹನಿರ್ಧಾರದ ಕಾಯಿದೆಯ ಉಲ್ಲಂಘನೆ, ಪರಿಹಾರ ತೆರಬೇಕು. ಅಷ್ಟೇ ಅಲ್ಲ, ಕೆಲಸದ ಪರವಾನಗಿಯ ಅರ್ಜಿಯಲ್ಲಿ ಸಂಬಳವೂ ಷರತ್ತುಗಳೂ ಸಾಮೂಹಿಕ ಒಪ್ಪಂದಕ್ಕಿಂತ ಕೆಳಗಿರಬಾರದು. ಆ ಬಗ್ಗೆ ಅಭಿಪ್ರಾಯ ಹೇಳಲು ಸಂಘಕ್ಕೆ ಅವಕಾಶವಿರುತ್ತದೆ. 2023ರ ನವೆಂಬರ್ 1ರಿಂದ ಇದರ ಜೊತೆಗೆ, ದೇಶದ ವೇತನಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಮೊತ್ತದ ಶೇ. 80ರಷ್ಟಾದರೂ ಸಂಬಳ ಬೇಕೆಂಬ ಷರತ್ತು ಬಂದಿತು. ಈ ನಿಯಮಗಳು ಆಗಾಗ ಬದಲಾಗುವುದರಿಂದ ವಲಸೆ ಇಲಾಖೆಯ ಇತ್ತೀಚಿನ ಮಾಹಿತಿಯನ್ನು ನೋಡಿಕೊಳ್ಳಬೇಕು.

ಭಯ ಮಾತ್ರ ಸುಳ್ಳಲ್ಲ. ಪರವಾನಗಿ ಒಬ್ಬ ಮಾಲೀಕನಿಗೆ ಕಟ್ಟಿಹಾಕಿರುವಾಗ, ಕೆಲಸ ಹೋದರೆ ದೇಶವೇ ಹೋಗುವ ಸ್ಥಿತಿಯಲ್ಲಿ, ಸುಮ್ಮನಿರುವುದು ಜಾಣತನವೆಂದು ತೋರುತ್ತದೆ. ಸಂಬಳದ ಚೀಟಿಯಲ್ಲಿ ವಿಮೆ ತಪ್ಪಿದ್ದು, ಸಂಬಳ ಒಂದೆರಡು ನೂರು ಕ್ರೋನ ಕಡಿಮೆಯಾದದ್ದು ಮುಂದೆ ಪರವಾನಗಿ ನವೀಕರಣದ ಹೊತ್ತಿಗೆ ಉರುಳಾದ ಉದಾಹರಣೆಗಳು ಇಲ್ಲಿ ಸಾಕಷ್ಟಿವೆ. ತಪ್ಪು ಮಾಲೀಕನದು, ದೇಶ ಬಿಡಬೇಕಾದವನು ನೌಕರ. ಆ ಚೀಟಿಯನ್ನು ಒಪ್ಪಂದದ ಪಕ್ಕದಲ್ಲಿಟ್ಟು ಓದಲು ಬಲ್ಲವರು ಸಂಘದ ಕಚೇರಿಯಲ್ಲಿ ಇದ್ದಾರೆ.

ಇನ್ನೊಂದು ಗೊಂದಲ. ನಿರುದ್ಯೋಗ ನಿಧಿ ಬೇರೆ, ಸಂಘ ಬೇರೆ. ಒಂದಕ್ಕೆ ಸೇರಿ ಎರಡಕ್ಕೂ ಸೇರಿದೆನೆಂದು ತಿಳಿದವರು ಬಹಳ. ನಿಧಿ ಕೆಲಸ ಹೋದಾಗ ಹಣ ಕೊಡುತ್ತದೆ, ಮಾಲೀಕನೊಡನೆ ಮಾತನಾಡುವುದಿಲ್ಲ. ಹಾಗೆಯೇ, ಒಪ್ಪಂದವಿರುವ ಕಂಪನಿಯಲ್ಲಿ ಸದಸ್ಯರಲ್ಲದವರಿಗೂ ಸಾಮಾನ್ಯವಾಗಿ ಅದೇ ಸಂಬಳ ಸಿಗುತ್ತದೆ. ಆದರೆ ಅದು ತಪ್ಪಿದಾಗ ಅವರ ಪರವಾಗಿ ಜಗಳವಾಡುವ ಹೊಣೆ ಸಂಘಕ್ಕಿಲ್ಲ.

ಕೆಲಸದ ಕರಾರುಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಯಾವ ಒಪ್ಪಂದ ಅನ್ವಯಿಸುತ್ತದೆ ಎಂಬ ಸಾಲು. ಅಲ್ಲಿ ಹೆಸರಿಲ್ಲದಿದ್ದರೆ ಸಹಿಗೆ ಮುಂಚೆ ಕೇಳಬೇಕು. ಏಜೆನ್ಸಿಯ ಮೂಲಕವಾದರೆ ಯಾವ ದಿನ ಯಾವ ಗೋದಾಮಿನಲ್ಲಿ ಎಷ್ಟು ಗಂಟೆ ದುಡಿದಿರೆಂದು ನಿಮ್ಮದೇ ಪುಸ್ತಕದಲ್ಲಿ ಬರೆದಿಡಬೇಕು, ಕರೆದ ಸಂದೇಶಗಳನ್ನು ಅಳಿಸಬಾರದು. ಸುರಕ್ಷತಾ ಸಮಿತಿಯಿಲ್ಲದ ಸಣ್ಣ ಗೋದಾಮಾದರೆ, ಅಲ್ಲಿ ಸಂಘದ ಒಬ್ಬ ಸದಸ್ಯನಿದ್ದರೆ ಸಾಕು, ಪ್ರಾದೇಶಿಕ ಸುರಕ್ಷತಾ ಪ್ರತಿನಿಧಿ ಹೊರಗಿನಿಂದ ಒಳಗೆ ಬಂದು ನೋಡಬಹುದು. ಆ ಒಬ್ಬನ ಹೆಸರನ್ನು ಅವರು ಮಾಲೀಕನಿಗೆ ಹೇಳಬೇಕಾಗಿಲ್ಲ.